ಹಳೆಯ ರೂಟರ್‌ನ ಪವರ್ ಏರಿಸುವವರಿಗೆ

ಹಳೆಯ ರೂಟರ್ ಬಿಚ್ಚಿಕೊಂಡು ಕೂರುವವರನ್ನು ಕಂಡರೆ ನನಗೆ ಅಕ್ಕರೆ. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್‌ಗೆ, ಕಂಪನಿಯ ಫರ್ಮ್‌ವೇರ್ (ರೂಟರ್ ನಡೆಸುವ ಒಳಗಿನ ತಂತ್ರಾಂಶ) ತೆಗೆದು ಓಪನ್‌ಡಬ್ಲ್ಯುಆರ್‌ಟಿ, ಡಿಡಿ-ಡಬ್ಲ್ಯುಆರ್‌ಟಿ ಎಂಬ ಬೇರೆ ಫರ್ಮ್‌ವೇರ್ ಹಾಕುತ್ತಲೇ ಎಷ್ಟೋ ಮಂದಿ ನೆಟ್‌ವರ್ಕಿಂಗ್ ಕಲಿತರು. ಹಾಕುವ ವಿಧಾನವನ್ನು ಇಲ್ಲಿ ಬರೆಯುವುದಿಲ್ಲ. ತಳದ ಚೀಟಿಯಲ್ಲಿರುವ ಹಾರ್ಡ್‌ವೇರ್ ಆವೃತ್ತಿಯನ್ನು ಓದದೆ ಕೈಹಾಕಬೇಡಿ, ಅಷ್ಟೇ. ಅದೇ ಮಾದರಿಯ 5ನೇ ಆವೃತ್ತಿಯಲ್ಲಿ ಫರ್ಮ್‌ವೇರ್ ಇಡುವ ಜಾಗವಾದ ಫ್ಲ್ಯಾಶ್ 2 ಎಂಬಿಗೆ, ರ್‍ಯಾಮ್ 8 ಎಂಬಿಗೆ ಇಳಿದಿತ್ತು. ಹೊರಗಿನಿಂದ ನೋಡಿದರೆ ಹಿಂದಿನದರಂತೆಯೇ ಇತ್ತು.

ನನ್ನ ತಕರಾರು ಬೇರೆ. ಹೊಸ ಫರ್ಮ್‌ವೇರ್ ಹಾಕಿದವರ ಕಣ್ಣು ಮೊದಲು ಬೀಳುವುದು ಟ್ರಾನ್ಸ್‌ಮಿಟ್ ಪವರ್ (ರೂಟರ್ ಅಲೆ ಕಳಿಸುವ ಬಲ) ಎಂಬ ಖಾನೆಯ ಮೇಲೆ. 251 ಮಿಲಿವ್ಯಾಟ್ ಎಂದು ಬರೆಯಲು ಅದು ಬಿಟ್ಟರೆ, ಬರೆಯದೆ ಇರುವವರುಂಟೇ?

ಹಾಗೆ ಬರೆದ ಒಬ್ಬರು, ಹಿಂದಿನ ಕೋಣೆಯಲ್ಲಿ ಸಿಗ್ನಲ್ ತುಂಬಿದ್ದರೂ ವಿಡಿಯೊ ಕರೆ ತುಂಡಾಗುತ್ತದೆ ಎಂದು ನನ್ನನ್ನು ಕರೆಸಿದರು. ಫೋನಿಗೆ ರೂಟರ್ ಮೈನಸ್ 62 ಡಿಬಿಎಂನಲ್ಲಿ ಕೇಳಿಸುತ್ತಿತ್ತು (ಡಿಬಿಎಂ ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ರೂಟರ್‌ನ ಪುಟ ತೆರೆದರೆ, ಅದಕ್ಕೆ ಫೋನ್ ಕೇಳಿಸುತ್ತಿದ್ದುದು ಮೈನಸ್ 84ರಲ್ಲಿ. ಈ ಎರಡನೆಯ ಸಂಖ್ಯೆಯನ್ನು ಅವರು ನೋಡಿಯೇ ಇರಲಿಲ್ಲ.

ವೈಫೈ ರೇಡಿಯೊ ಕೇಂದ್ರದಂತೆ ಏಕಮುಖ ಪ್ರಸಾರವಲ್ಲ. ರೂಟರ್ ಕಳಿಸಿದ ಪ್ರತಿ ಕಂತಿಗೂ ಫೋನ್ ‘ತಲುಪಿತು’ ಎಂದು ಉತ್ತರಿಸಬೇಕು. ಉತ್ತರ ಕೇಳಿಸದಿದ್ದರೆ ರೂಟರ್ ಅದನ್ನೇ ಮತ್ತೆ ಕಳಿಸುತ್ತದೆ, ವೇಗವನ್ನೂ ತಗ್ಗಿಸುತ್ತದೆ. ನೀವು ರೂಟರ್‌ಗೆ ಗಂಟಲು ಕೊಟ್ಟಿರಿ, ಕಿವಿ ಕೊಡಲಿಲ್ಲ. ಫೋನಿನ ಗಂಟಲಂತೂ ಮೊದಲಿನಷ್ಟೇ. ಪರದೆಯ ಗೆರೆಗಳು ಹೇಳುವುದು ಅರ್ಧ ಸಂಗತಿಯನ್ನು ಮಾತ್ರ.

ರೂಟರ್‌ನ ಆ ಗಂಟಲೂ ನೆಟ್ಟಗಿರುವುದಿಲ್ಲ. ಮಿತಿ ಮೀರಿ ತಳ್ಳಿದರೆ ಒಳಗಿನ ಆಂಪ್ಲಿಫೈಯರ್ ಅಲೆಯ ಶೃಂಗಗಳನ್ನು ಚಪ್ಪಟೆಯಾಗಿಸುತ್ತದೆ. ಆಗ 54 ಎಂಬಿಪಿಎಸ್‌ನಂಥ ಹೆಚ್ಚಿನ ವೇಗದ ಸೂಕ್ಷ್ಮ ಸಂಕೇತಗಳೇ ಮೊದಲು ಕೆಡುತ್ತವೆ, ಪಕ್ಕದ ಚಾನೆಲ್‌ಗಳಿಗೂ ಗದ್ದಲ ಹರಡುತ್ತದೆ. ಬಯಲಿನಲ್ಲೇ ದೂರ ಇಮ್ಮಡಿಯಾಗಲು ಪವರ್ ನಾಲ್ಕು ಪಟ್ಟು ಬೇಕು; ಮನೆಯಲ್ಲಿ ಗೋಡೆಗಳ ಲೆಕ್ಕ ಬೇರೆ. ನಿಮ್ಮ ದೇಶದ ಕಾನೂನಿನ ಮಿತಿಯನ್ನೂ ನೋಡಿಕೊಳ್ಳಿ. ಆ ಖಾನೆ ಅದನ್ನು ನೋಡುವುದಿಲ್ಲ.

ಒಳ್ಳೆಯ ಆಂಟೆನಾ ಎರಡೂ ದಿಕ್ಕಿಗೆ ನೆರವಾಗುತ್ತದೆ, ಕಳಿಸುವಾಗಲೂ ಕೇಳುವಾಗಲೂ. ಆದರೆ ಉದ್ದನೆಯ ಕಡ್ಡಿ ಆಂಟೆನಾ ಅಲೆಯನ್ನು ಅಡ್ಡಕ್ಕೆ ಹರಡಿ ಮೇಲು ಕೆಳಗನ್ನು ಬರಿದು ಮಾಡುತ್ತದೆ, ಮಹಡಿಯ ಮನೆಗೆ ಅದು ಹೊಂದದಿರಬಹುದು. ಆಂಟೆನಾವನ್ನು ದೂರಕ್ಕೆ ಒಯ್ಯಲು ತೆಳ್ಳನೆಯ ಕೋಆಕ್ಸ್ (ಆಂಟೆನಾ ಕೇಬಲ್) ಎಳೆದರೆ ಗಳಿಸಿದ್ದನ್ನೆಲ್ಲ ಅದೇ ನುಂಗುತ್ತದೆ. ನನ್ನನ್ನು ಕೇಳಿದರೆ, ಎಳೆಯಬೇಕಾದದ್ದು ಈಥರ್‌ನೆಟ್ ತಂತಿ. ಹಳೆಯ ರೂಟರ್ ಅನ್ನೇ ಹಿಂದಿನ ಕೋಣೆಗೆ ಒಯ್ದು ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ ಅನ್ನು ವೈಫೈಯಾಗಿ ಕೊಡುವ ಪೆಟ್ಟಿಗೆ) ಮಾಡಿ: ತಂತಿ ಲ್ಯಾನ್ ಕಿಂಡಿಗೆ, ಐಪಿ ವಿಳಾಸ ಮುಖ್ಯ ರೂಟರ್‌ನದಕ್ಕಿಂತ ಬೇರೆ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಬಂದ್. ಡಿಎಚ್‌ಸಿಪಿ ನಿಲ್ಲಿಸಲು ಮರೆತವರೂ ನನಗೇ ಫೋನ್ ಮಾಡುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.