ಸಾಕೆಟ್‌ನ ಆ ತುದಿಯಲ್ಲಿ ಯಾರು? ಕರ್ನಲ್ ಕೊಡುವ ಉತ್ತರದ ಹಿನ್ನೆಲೆ

ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲೆ ಪೂರ್ಣ ಹಕ್ಕಿನೊಂದಿಗೆ, ಹಿನ್ನೆಲೆಯಲ್ಲಿ ಓಡುತ್ತಿರುವ ಒಂದು ಸೇವಾ ಪ್ರೋಗ್ರಾಂಗೆ (ಡೀಮನ್) ಯುನಿಕ್ಸ್ ಸಾಕೆಟ್ ಮೂಲಕ, ಅಂದರೆ ಒಂದೇ ಯಂತ್ರದ ಎರಡು ಪ್ರೋಗ್ರಾಂಗಳು ಮಾತಾಡುವ ಕೊಂಡಿಯ ಮೂಲಕ, ಕೋರಿಕೆ ಬರುತ್ತದೆ: ಈ ಪ್ಯಾಕೇಜ್ ಇನ್‌ಸ್ಟಾಲ್ ಮಾಡು. ಮಾಡಬೇಕೋ ಬೇಡವೋ ಅನ್ನುವುದು ಕೇಳಿದ್ದು ಯಾರು ಅನ್ನುವುದರ ಮೇಲೆ ನಿಂತಿದೆ. ಕೇಳಿದವನೇ ‘ನಾನು ರೂಟ್’ ಅಂದರೆ ನಂಬೋಕಾಗುತ್ತಾ? ಆದರೆ ಎರಡೂ ಪ್ರೋಗ್ರಾಂಗಳು ಓಡುತ್ತಿರುವುದು ಒಂದೇ ಕರ್ನಲ್ ಮೇಲೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಒಂದೇ ತಿರುಳಿನ ಮೇಲೆ. ಅದಕ್ಕೆ ಇಬ್ಬರೂ ಗೊತ್ತು. ಅದನ್ನೇ ಕೇಳಿದರಾಯಿತು. ಲಿನಕ್ಸ್‌ನಲ್ಲಿ ಹೀಗೆ ಕೇಳುವ ಸಾಕೆಟ್ ಆಯ್ಕೆಯ ಹೆಸರು ಎಸ್‌ಒ_ಪೀರ್‌ಕ್ರೆಡ್. ಗೆಟ್‌ಸಾಕ್‌ಆಪ್ಟ್ ಎಂಬ ಫಂಕ್ಷನ್ ಕರೆದರೆ ಮೂರು ಸಂಖ್ಯೆ ಬರುತ್ತವೆ: ಪಿಐಡಿ (ಓಡುತ್ತಿರುವ ಪ್ರೋಗ್ರಾಂನ, ಅಂದರೆ ಪ್ರೋಸೆಸ್‌ನ ನಂಬರ್), ಯುಐಡಿ (ಬಳಕೆದಾರನ ನಂಬರ್; ರೂಟ್‌ಗೆ 0), ಜಿಐಡಿ (ಗುಂಪಿನ ನಂಬರ್). ನೋಡಲು ಇಷ್ಟು ಸರಳ. ಆದರೂ ಇದನ್ನು ಸರಿಮಾಡುವ ಕೆಲಸ ಇನ್ನೂ ಮುಗಿದಿಲ್ಲ.

ಯುನಿಕ್ಸ್ ಡೊಮೈನ್ ಸಾಕೆಟ್‌ಗಳು 1983ರಲ್ಲಿ 4.2ಬಿಎಸ್‌ಡಿ ಜೊತೆ ಬಂದವು. ಆಗ ಈ ಪ್ರಶ್ನೆ ಕೇಳಲು ದಾರಿಯೇ ಇರಲಿಲ್ಲ. ನೆಟ್‌ವರ್ಕ್ ಕಡೆಯಲ್ಲಿ ಆಮೇಲೆ ಐಡೆಂಟ್ ಎಂಬ ಪ್ರೋಟೊಕಾಲ್ ಬಂತು. 113ನೇ ಪೋರ್ಟ್‌ಗೆ ಹೋಗಿ ಆ ಯಂತ್ರವನ್ನೇ ‘ಈ ಸಂಪರ್ಕ ಯಾರದ್ದು’ ಎಂದು ವಿಚಾರಿಸುವುದು. ಉತ್ತರ ಕೊಡುವ ಯಂತ್ರ ಸುಳ್ಳು ಹೇಳಿದರೆ ಕಥೆ ಅಲ್ಲಿಗೆ ಮುಗಿಯಿತು.

ಒಂದೇ ಯಂತ್ರದೊಳಗೆ ಜನ ಬೇರೆ ಉಪಾಯ ಮಾಡಿಕೊಂಡಿದ್ದರು. ಕೋರಿಕೆ ಕಳಿಸುವ ಕ್ಲೈಂಟ್ ತನ್ನ ಕಡೆಯ ಸಾಕೆಟ್ ಅನ್ನೂ ಒಂದು ಫೈಲ್ ಹೆಸರಿಗೆ ಬೈಂಡ್ ಮಾಡಬೇಕು, ಅಂದರೆ ಕಟ್ಟಬೇಕು. ಅದರ ಅನುಮತಿಯನ್ನು ಮಾಲೀಕನಿಗೆ ಮಾತ್ರ ಇರುವಂತೆ ಬದಲಿಸಬೇಕು. ಸರ್ವರ್ ಆ ಫೈಲ್‌ನ ಮೇಲೆ ಸ್ಟ್ಯಾಟ್ (ಫೈಲ್‌ನ ವಿವರ ಕೊಡುವ ಕರೆ) ಕರೆದು ಮಾಲೀಕ ಯಾರು ಎಂದು ನೋಡುತ್ತದೆ. ಹಳೆಯ ಫೈಲ್ ತೋರಿಸಿ ಯಾರೂ ಯಾಮಾರಿಸಬಾರದು ಅಂತ, ಅದು ಕಳೆದ 30 ಸೆಕೆಂಡ್‌ನಲ್ಲಿ ಹುಟ್ಟಿದ್ದಾ ಎಂದೂ ನೋಡುತ್ತಿದ್ದರು. ಜಾಣತನದ ಕೆಲಸವೇ. ಆದರೆ ಇಲ್ಲಿ ತಿಳಿಯುವುದು ಫೈಲ್ ಯಾರದ್ದು ಅನ್ನುವುದು. ಸಂಪರ್ಕ ಮಾಡಿದ್ದು ಯಾರು ಅನ್ನುವುದನ್ನು ಅದರಿಂದ ಊಹಿಸಿಕೊಳ್ಳಬೇಕು.

1999ರ ಲಿನಕ್ಸ್ 2.2ರ ಹೊತ್ತಿಗೆ ಕರ್ನಲ್ ತಾನೇ ಉತ್ತರ ಕೊಡತೊಡಗಿತು. ಉಳಿದವರು ತಮ್ಮ ತಮ್ಮ ದಾರಿ ಹಿಡಿದರು. ಓಪನ್‌ಬಿಎಸ್‌ಡಿ 3.0 ಮತ್ತು ಫ್ರೀಬಿಎಸ್‌ಡಿ 4.6ರಲ್ಲಿ ಗೆಟ್‌ಪೀರ್‌ಇಐಡಿ ಬಂತು, ಸೊಲಾರಿಸ್ 10ರಲ್ಲಿ ಗೆಟ್‌ಪೀರ್‌ಯುಕ್ರೆಡ್. ಯುನಿಕ್ಸ್‌ಗಳ ಸಾಮಾನ್ಯ ಮಾನದಂಡವಾದ ಪೋಸಿಕ್ಸ್ ಇದ್ಯಾವುದನ್ನೂ ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಎಲ್ಲ ಕಡೆ ಓಡಬೇಕಾದ ಪ್ರೋಗ್ರಾಂಗಳ ಈ ಭಾಗ ಇವತ್ತಿಗೂ ಬರೀ ಇಫ್‌ಡೆಫ್‌ಗಳ, ಅಂದರೆ ‘ಈ ಸಿಸ್ಟಮ್ ಆದರೆ ಈ ಕೋಡ್’ ಎಂಬ ಷರತ್ತುಗಳ ಕಾಡು.

ಕರ್ನಲ್ ಹೇಳುವುದು ಸಂಪರ್ಕ ಆದ ಕ್ಷಣದ ಮಾತು. ಕ್ಲೈಂಟ್ ಕನೆಕ್ಟ್ ಕರೆದಾಗ, ಸರ್ವರ್ ಸಂಪರ್ಕಗಳಿಗೆ ಕಾಯಲು ಲಿಸನ್ ಕರೆದಾಗ ಯಾರು ಯಾರಾಗಿದ್ದರೋ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಈಗ ಆ ತುದಿಯಲ್ಲಿ ಯಾರಿದ್ದಾರೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಇದು ಉತ್ತರವಲ್ಲ. ಲಿನಕ್ಸ್‌ನಲ್ಲಿ ಮೊದಲು ಶುರುವಾಗಿ ಉಳಿದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಯಾವುದೋ ಸೇವೆಗಾಗಿ ಮೊದಲೇ ಸಾಕೆಟ್ ತೆರೆದು ಲಿಸನ್ ಮಾಡಿಟ್ಟಿದ್ದರೆ, ಕ್ಲೈಂಟ್‌ಗೆ ಕಾಣುವ ಪಿಐಡಿ 1. ನಿಜವಾಗಿ ಮಾತಾಡುತ್ತಿರುವ ಸೇವೆಯ ನಂಬರ್ ಕಾಣುವುದೇ ಇಲ್ಲ. ಇದನ್ನು ದೋಷ ಅಂದುಕೊಳ್ಳುವವರು ಜಾಸ್ತಿ. ನನ್ನ ಪ್ರಕಾರ ಇದೇ ಸರಿಯಾದ ಆಯ್ಕೆ.

ಯಾಕೆ ಅನ್ನುವುದು ನೆಟ್‌ಲಿಂಕ್‌ನ (ಪ್ರೋಗ್ರಾಂಗಳು ಕರ್ನಲ್ ಜೊತೆಗೇ ಮಾತಾಡುವ ಸಾಕೆಟ್) ಒಂದು ಭದ್ರತಾ ದೋಷದಲ್ಲಿ ಕಾಣುತ್ತದೆ; ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2014-0181. ಅಲ್ಲಿ ಸಾಕೆಟ್ ತೆರೆದವರು ಯಾರು ಎಂದು ನೋಡುವ ವ್ಯವಸ್ಥೆಯೇ ಇರಲಿಲ್ಲ. ಸಂದೇಶ ಬರೆಯುತ್ತಿರುವವರ ಅಧಿಕಾರವನ್ನಷ್ಟೇ ನೋಡುತ್ತಿದ್ದರು. ಸಾಮಾನ್ಯ ಬಳಕೆದಾರ ಒಂದು ನೆಟ್‌ಲಿಂಕ್ ಸಾಕೆಟ್ ತೆರೆದು, ಅದನ್ನೇ ಒಂದು ಸೆಟ್‌ಯುಐಡಿ ಪ್ರೋಗ್ರಾಂನ (ಯಾರು ಓಡಿಸಿದರೂ ತನ್ನ ಮಾಲೀಕನ, ಸಾಮಾನ್ಯವಾಗಿ ರೂಟ್‌ನ, ಅಧಿಕಾರದಲ್ಲಿ ಓಡುವಂಥದ್ದು) ಎರರ್ ಔಟ್‌ಪುಟ್ ಆಗಿ ಜೋಡಿಸುತ್ತಾನೆ. ಆ ಪ್ರೋಗ್ರಾಂ ಪಾಪ ಎರರ್ ಸಂದೇಶ ಅಂದುಕೊಂಡು ಬರೆಯುತ್ತದೆ. ಕರ್ನಲ್‌ಗೆ ಕಾಣುವುದು ರೂಟ್ ಬರೆದ ನೆಟ್‌ವರ್ಕ್ ಆದೇಶ. ಸಂಪರ್ಕದ ಕ್ಷಣವನ್ನೇ ಹಿಡಿದುಕೊಂಡರೆ ಈ ಆಟ ನಡೆಯುವುದಿಲ್ಲ.

ತೊಂದರೆ ಶುರುವಾಗುವುದು ಸರ್ವರ್‌ಗಳು ಆ ಮೂರು ಸಂಖ್ಯೆಗಳಿಂದ ಮುಂದಕ್ಕೆ ಹೋದಾಗ. ಯುಐಡಿ ಸಾಲದು, ಯಾವ ಪ್ರೋಗ್ರಾಂ, ಯಾವ ಸೆಷನ್ ಎಂದೂ ಗೊತ್ತಾಗಬೇಕು ಅನ್ನಿಸುತ್ತದೆ. ಆಗ ಪಿಐಡಿ ತೆಗೆದುಕೊಂಡು, ಪ್ರತಿ ಪ್ರೋಸೆಸ್‌ನ ವಿವರ ಇರುವ ಪ್ರಾಕ್ ಫೈಲ್‌ಸಿಸ್ಟಮ್‌ನಲ್ಲಿ ಹುಡುಕುತ್ತಾರೆ. ಆದರೆ ಪಿಐಡಿ ಮರುಬಳಕೆಯಾಗುತ್ತದೆ, ರದ್ದಾದ ಮೊಬೈಲ್ ನಂಬರ್ ಬೇರೆಯವರಿಗೆ ಸಿಕ್ಕ ಹಾಗೆ. ಲಿನಕ್ಸ್‌ನ ಹಳೆಯ ಡೀಫಾಲ್ಟ್ ಮಿತಿ 32,768. ಬೇಕಂತಲೇ ಪ್ರೋಸೆಸ್‌ಗಳನ್ನು ಹುಟ್ಟಿಸುತ್ತಾ ಹೋದರೆ ಒಂದು ಸುತ್ತು ಮುಗಿಸುವುದು ಏನೂ ಕಷ್ಟವಲ್ಲ. 64 ಬಿಟ್ ಯಂತ್ರಗಳಲ್ಲಿ ಸಿಸ್ಟಮ್‌ಡಿ 2019ರಿಂದ ಈ ಮಿತಿಯನ್ನು 41,94,304ಕ್ಕೆ ಏರಿಸಿದೆ. ಇದರಿಂದ ದಾಳಿ ನಿಧಾನವಾಗುತ್ತದೆ, ಅಷ್ಟೇ.

ಅನುಮತಿ ನಿರ್ಧರಿಸುವ ಪೋಲ್ಕಿಟ್ ಇಲ್ಲಿ ಎರಡು ಸಲ ಎಡವಿತು. 2013ರ ಸಿವಿಇ-2013-4288ರಲ್ಲಿ ಮರುಬಳಕೆಯೂ ಬೇಕಿರಲಿಲ್ಲ. ಕೋರಿಕೆ ಕಳಿಸಿದ ಪ್ರೋಸೆಸ್, ತಪಾಸಣೆ ಆಗುವಷ್ಟರಲ್ಲಿ ತಾನೇ ಒಂದು ಸೆಟ್‌ಯುಐಡಿ ಪ್ರೋಗ್ರಾಂ ಆಗಿ ಬದಲಾದರೆ ಸಾಕು. ಪಿಐಡಿ ಅದೇ, ಮಾಲೀಕ ಈಗ ರೂಟ್. ಮರುಬಳಕೆ ತಡೆಯಲು ಪಿಐಡಿ ಜೊತೆ ಪ್ರೋಸೆಸ್ ಶುರುವಾದ ಸಮಯವನ್ನೂ ಹೋಲಿಸುವ ಕ್ರಮ ಇತ್ತು. 2019ರಲ್ಲಿ ಗೂಗಲ್ ಪ್ರಾಜೆಕ್ಟ್ ಜೀರೋದ ಯಾನ್ ಹಾರ್ನ್ ಅದನ್ನೂ ಮುರಿದು ತೋರಿಸಿದರು. ಹೊಸ ಪ್ರೋಸೆಸ್ ಹುಟ್ಟಿಸುವ ಫೋರ್ಕ್ ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಶುರುವಾದ ಸಮಯ ಮೊದಲೇ ದಾಖಲಾಗುತ್ತಿತ್ತು, ಪ್ರೋಸೆಸ್ ಹೊರಗೆ ಕಾಣಿಸುವುದು ಆಮೇಲೆ. ನಡುವೆ ತಡೆದು ನಿಲ್ಲಿಸಿದರೆ, ಅದೇ ಪಿಐಡಿ, ಅದೇ ಸಮಯ ಇರುವ ಎರಡನೇ ಪ್ರೋಸೆಸ್ ತಯಾರು. ಕೊನೆಗೆ ಕರ್ನಲ್‌ನಲ್ಲಿ ಆ ಸಮಯವನ್ನು ತಡವಾಗಿ ದಾಖಲಿಸುವಂತೆ ತಿದ್ದಿದರು.

ಪಿಐಡಿಯನ್ನು ಮುಟ್ಟದೆ, ಬರೀ ಯುಐಡಿಯನ್ನು ಇಟ್ಟುಕೊಂಡೂ ಎಡವಬಹುದು. ಅದೇ ವರ್ಷ ಸ್ನ್ಯಾಪ್‌ಡಿಯಲ್ಲಿ (ಉಬುಂಟುವಿನ ಸ್ನ್ಯಾಪ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಡೀಮನ್) ಸಿಕ್ಕ ‘ಡರ್ಟಿ ಸಾಕ್’ ದೋಷ, ಅಂದರೆ ಸಿವಿಇ-2019-7304, ನನಗೆ ಈ ಇಡೀ ಕಥೆಯಲ್ಲೇ ಹೆಚ್ಚು ಇಷ್ಟ. ಸ್ನ್ಯಾಪ್‌ಡಿ ಎಸ್‌ಒ_ಪೀರ್‌ಕ್ರೆಡ್ ಅನ್ನು ಸರಿಯಾಗೇ ಕೇಳುತ್ತಿತ್ತು. ಕರ್ನಲ್ ಸರಿಯಾದ ಯುಐಡಿಯನ್ನೇ ಕೊಡುತ್ತಿತ್ತು. ಆಮೇಲೆ ಸ್ನ್ಯಾಪ್‌ಡಿ ಅದನ್ನು ಒಂದು ಸಾಲು ಪಠ್ಯವಾಗಿ ಬರೆದುಕೊಳ್ಳುತ್ತಿತ್ತು: ‘ಪಿಐಡಿ=5127;ಯುಐಡಿ=1000;’ ಎಂಬ ಧಾಟಿಯಲ್ಲಿ. ಸಾಲಿನ ಕೊನೆಗೆ ಕ್ಲೈಂಟ್‌ನ ಸಾಕೆಟ್ ವಿಳಾಸವನ್ನೂ ಅಂಟಿಸುತ್ತಿತ್ತು. ಬೇರೆ ಕಡೆ ಆ ಸಾಲನ್ನು ಅರ್ಧವಿರಾಮಗಳಲ್ಲಿ ಕತ್ತರಿಸಿ ಓದುತ್ತಿತ್ತು. ಒಂದೇ ಹೆಸರು ಎರಡು ಸಲ ಬಂದರೆ ಕೊನೆಯದೇ ನಿಲ್ಲುತ್ತಿತ್ತು. ಕ್ಲೈಂಟ್‌ನ ವಿಳಾಸವೋ, ಕ್ಲೈಂಟ್ ಇಟ್ಟದ್ದೇ ಹೆಸರು! ದಾಳಿಕೋರ ತನ್ನ ಸಾಕೆಟ್ ಫೈಲ್‌ನ ಹೆಸರಿನ ಕೊನೆಗೆ ‘;ಯುಐಡಿ=0;’ ಎಂದು ಸೇರಿಸಿದರೆ ಮುಗಿಯಿತು, ಅವನು ರೂಟ್. 2.37.1 ಆವೃತ್ತಿಯಲ್ಲಿ ಸರಿಮಾಡಿದರು. ಕರ್ನಲ್ ಕೊಟ್ಟ ಅಂಕಿಯನ್ನು ಅಂಕಿಯಾಗೇ ಇಟ್ಟುಕೊಂಡಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಕಂಟೈನರ್‌ಗಳು, ಅಂದರೆ ಒಂದೇ ಕರ್ನಲ್ ಮೇಲೆ ಪ್ರೋಗ್ರಾಂಗಳನ್ನು ಬೇರೆ ಬೇರೆ ಗೋಡೆಯೊಳಗೆ ಓಡಿಸುವ ವ್ಯವಸ್ಥೆ, ಬಂದ ಮೇಲೆ ಸಂಖ್ಯೆಗಳ ಅರ್ಥವೇ ಅಲುಗಾಡಿತು. ಒಂದು ಪ್ರೋಸೆಸ್‌ಗೆ ಕಂಟೈನರ್ ಒಳಗೆ ಒಂದು ಪಿಐಡಿ, ಹೊರಗೆ ಇನ್ನೊಂದು. ಇದಕ್ಕಾಗಿ 2010ರಲ್ಲಿ ಎರಿಕ್ ಬೀಡರ್‌ಮನ್ ಕರ್ನಲ್ ಒಳಗೆ ಬರೀ ಅಂಕಿ ಇಡುವುದನ್ನು ಬಿಡಿಸಿ, ಆ ಗುರುತಿನ ವಸ್ತುವನ್ನೇ ಹಿಡಿದಿಡುವಂತೆ ಬದಲಿಸಿದರು. ಕೇಳುವವರ ನೇಮ್‌ಸ್ಪೇಸ್‌ಗೆ, ಅಂದರೆ ಅವರಿಗೆ ಕಾಣುವ ಆವರಣಕ್ಕೆ, ತಕ್ಕ ಅಂಕಿ ಆಗ ಸಿಗುತ್ತದೆ. ಅಲ್ಲಿಂದ ಕಾಣದ ಪ್ರೋಸೆಸ್ ಆದರೆ ಪಿಐಡಿ 0 ಬರುತ್ತದೆ.

ಅಷ್ಟಾದರೂ 2020ರಲ್ಲಿ, ಕಂಟೈನರ್‌ಗಳನ್ನು ಓಡಿಸುವ ಕಂಟೈನರ್‌ಡಿಯ ಸಿವಿಇ-2020-15257 ಬಂತು. ಅದರ ಶಿಮ್ (ಕಂಟೈನರ್ ನೋಡಿಕೊಳ್ಳುವ ಸಹಾಯಕ ಪ್ರೋಗ್ರಾಂ) ಬಳಸುತ್ತಿದ್ದದ್ದು ಅಬ್‌ಸ್ಟ್ರ್ಯಾಕ್ಟ್ ಸಾಕೆಟ್. ಇದಕ್ಕೆ ಫೈಲ್ ಇರುವುದಿಲ್ಲ, ಫೈಲ್ ಅನುಮತಿಯೂ ಇರುವುದಿಲ್ಲ. ಕಾವಲಿಗೆ ಇದ್ದದ್ದು ಯುಐಡಿ 0 ಹೌದಾ ಎಂಬ ಪ್ರಶ್ನೆ ಮಾತ್ರ. ಹೋಸ್ಟ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಹಂಚಿಕೊಂಡ ಕಂಟೈನರ್‌ನಲ್ಲೂ ಯುಐಡಿ 0 ಇರುತ್ತದಲ್ವಾ? ಬೇರೆ ಅಧಿಕಾರಗಳನ್ನೆಲ್ಲ ಕಿತ್ತುಕೊಂಡಿದ್ದರೂ ಆ ಸೊನ್ನೆ ಸೊನ್ನೆಯೇ.

ಗುಂಪುಗಳ ವಿಷಯ ಚಿಕ್ಕದು. ಎಸ್‌ಒ_ಪೀರ್‌ಕ್ರೆಡ್ ಮುಖ್ಯ ಗುಂಪನ್ನು ಮಾತ್ರ ಹೇಳುತ್ತದೆ. ಉಳಿದವನ್ನು ಸರ್ವರ್‌ಗಳು ಬಳಕೆದಾರರ ಪಟ್ಟಿಯಲ್ಲಿ ಹುಡುಕಿಕೊಳ್ಳಬೇಕಿತ್ತು. 2017ರಲ್ಲಿ ಲಿನಕ್ಸ್ 4.13ರ ಎಸ್‌ಒ_ಪೀರ್‌ಗ್ರೂಪ್ಸ್ ಆ ಕೊರತೆ ತುಂಬಿತು. ನಾಲ್ಕು ವರ್ಷಕ್ಕೆ ಈ ಎರಡೂ ಆಯ್ಕೆಗಳ ಕರ್ನಲ್ ಕೋಡ್‌ನಲ್ಲೇ ಒಂದು ರೇಸ್ (ಎರಡು ಕೆಲಸ ಒಟ್ಟಿಗೆ ನಡೆದಾಗ ಆಗುವ ಎಡವಟ್ಟು) ಸಿಕ್ಕಿತು, ಸಿವಿಇ-2021-4203. ಒಬ್ಬರು ಗುರುತನ್ನು ಓದುತ್ತಿರುವಾಗ ಇನ್ನೊಬ್ಬರು ಲಿಸನ್ ಕರೆದರೆ, ಬಿಡುಗಡೆಯಾದ ಮೆಮೊರಿಯನ್ನು ಓದುವ ಸ್ಥಿತಿ. ಲಾಕ್ ಹಾಕಿ ಸರಿಮಾಡಿದರು.

ಪಿಐಡಿಯ ಮೂಲ ಸಮಸ್ಯೆಗೆ ಉತ್ತರ ಬಂದದ್ದು ಪಿಐಡಿಎಫ್‌ಡಿಯಿಂದ. ಇದು ಒಂದು ಫೈಲ್ ಡಿಸ್ಕ್ರಿಪ್ಟರ್, ಅಂದರೆ ಕರ್ನಲ್ ಪ್ರೋಗ್ರಾಂಗೆ ಕೊಡುವ ಒಂದು ಹಿಡಿ. ಹಿಡಿದಿರುವವರೆಗೂ ಅದೇ ಪ್ರೋಸೆಸ್ ಅನ್ನು ತೋರಿಸುತ್ತದೆ. ಪ್ರೋಸೆಸ್ ಸತ್ತು, ಅದರ ಅಂಕಿ ಇನ್ನೊಂದಕ್ಕೆ ಹೋದರೂ ಇದು ಹೊಸದರ ಕಡೆ ತಿರುಗುವುದಿಲ್ಲ. 2019ರ ಲಿನಕ್ಸ್ 5.3ರಲ್ಲಿ ಪಿಐಡಿ ಕೊಟ್ಟು ಇದನ್ನು ಪಡೆಯುವ ಸಿಸ್ಟಮ್ ಕಾಲ್ ಬಂದಿತ್ತು. ಆದರೆ ಅಂಕಿ ಕೊಟ್ಟೇ ತೆರೆಯಬೇಕಾದರೆ ಹಳೆಯ ಸಂದು ಹಾಗೇ ಉಳಿಯುತ್ತದೆ. 2023ರಲ್ಲಿ 6.5ರ ಎಸ್‌ಒ_ಪೀರ್‌ಪಿಐಡಿಎಫ್‌ಡಿ ಅದನ್ನು ಮುಚ್ಚಿತು. ಸಾಕೆಟ್‌ನಿಂದ ನೇರವಾಗಿ ಡಿಸ್ಕ್ರಿಪ್ಟರ್ ಸಿಗುತ್ತದೆ, ನಡುವೆ ಅಂಕಿಯ ಹಂಗಿಲ್ಲ. ಸಂಪರ್ಕ ಮಾಡಿ ಆಗಲೇ ಸತ್ತುಹೋದ ಪ್ರೋಸೆಸ್‌ಗೂ ಡಿಸ್ಕ್ರಿಪ್ಟರ್ ಕೊಡುವ ಬದಲಾವಣೆ 2025ರ 6.16ರಲ್ಲಿ ಸೇರಿತು.

ಪ್ರೋಸೆಸ್ ತನ್ನನ್ನೇ ಬೇರೆ ಪ್ರೋಗ್ರಾಂ ಆಗಿ ಬದಲಿಸಿಕೊಂಡರೆ ಪಿಐಡಿಎಫ್‌ಡಿಯೂ ಏನೂ ಹೇಳುವುದಿಲ್ಲ. ಪ್ರೋಸೆಸ್ ಅದೇ ಅಲ್ವಾ? ಹಾಗಾಗಿ ಅಧಿಕಾರದ ಪ್ರಶ್ನೆಗೆ ಸಂಪರ್ಕದ ಕ್ಷಣದ ಯುಐಡಿಯನ್ನೇ ನೋಡಬೇಕು. ಇನ್ನು 6.5ಕ್ಕಿಂತ ಹಳೆಯ ಕರ್ನಲ್‌ನಲ್ಲಿ ಹೊಸ ಆಯ್ಕೆ ಕೇಳಿದರೆ ‘ಅಂಥದ್ದು ಇಲ್ಲ’ ಎಂಬ ಎರರ್ ಬರುತ್ತದೆ. ಆಗ ಡೀಮನ್ ಸುಮ್ನೆ ಹಳೆಯ ಪಿಐಡಿಗೇ ವಾಪಸ್ ಹೋಗಬೇಕು, ಇಲ್ಲವೇ ಕೋರಿಕೆಯನ್ನೇ ತಿರಸ್ಕರಿಸಬೇಕು. ಹಳೆಯ ಯಂತ್ರಗಳಲ್ಲೂ ಓಡಬೇಕಾದ ಕೋಡ್‌ನಲ್ಲಿ ಎರಡೂ ದಾರಿಗಳು ಅಕ್ಕಪಕ್ಕದಲ್ಲೇ ಇರುತ್ತವೆ.