ಹುಳದ ವೈರಸ್ ತನ್ನ ಆರ್‌ಎನ್‌ಎಯನ್ನೇ ಹೇಗೆ ತುಂಬಿಕೊಳ್ಳುತ್ತದೆ?

ಪ್ರಶ್ನೆ: ತೊಗರಿಯ ಕಾಯಿಕೊರಕಕ್ಕೆ ಎನ್‌ಪಿವಿ (ಹುಳಕ್ಕೆ ರೋಗ ತರುವ ವೈರಸ್) ಹೊಡೆಯುತ್ತೇವೆ. ಹುಳದ ಜೀವಕೋಶದಲ್ಲಿ ಅದರದ್ದೇ ಆರ್‌ಎನ್‌ಎ ರಾಶಿ ಬಿದ್ದಿರುತ್ತದಲ್ಲ, ಅದರಲ್ಲಿ ತನ್ನದು ಯಾವುದೆಂದು ವೈರಸ್‌ಗೆ ಹೇಗೆ ಗೊತ್ತಾಗುತ್ತದೆ?

ಕಲಬುರಗಿ ಕಡೆಯ ತೊಗರಿ ಬೆಳೆಗಾರರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೊದಲು ಒಂದು ತಿದ್ದುಪಡಿ. ಸಂಜೆ ಹೊತ್ತು ಬೆಲ್ಲ ಬೆರೆಸಿ ನೀವು ಹೊಡೆಯುವ ಎನ್‌ಪಿವಿ ಡಿಎನ್‌ಎ ವೈರಸ್, ಅಂದರೆ ಅದರ ವಂಶಸೂಚನೆ ಇರುವುದು ಆರ್‌ಎನ್‌ಎಯಲ್ಲಲ್ಲ, ಡಿಎನ್‌ಎಯಲ್ಲಿ. ಅದರ ಕಥೆಯೇ ಬೇರೆ. ಆದರೂ ಪ್ರಶ್ನೆ ಚೆನ್ನಾಗಿದೆ, ಬಿಡಲು ಮನಸ್ಸಿಲ್ಲ.

ಇದಕ್ಕೆ ಫ್ಲಾಕ್ ಹೌಸ್ ಎಂಬ ಆರ್‌ಎನ್‌ಎ ವೈರಸ್ ಒಳ್ಳೆಯ ಉದಾಹರಣೆ. ಮೊದಲು ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ, ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳದಲ್ಲಿ. ಅದರ ಸರಕು ಎರಡೇ ಆರ್‌ಎನ್‌ಎ ಎಳೆ: ಒಂದರಲ್ಲಿ 3107 ಅಕ್ಷರ, ಇನ್ನೊಂದರಲ್ಲಿ 1400. ಎಳೆದು ನೆಟ್ಟಗೆ ಹಾಸಿದರೆ ಎರಡೂ ಸೇರಿ 1000 ನ್ಯಾನೋಮೀಟರ್‌ಗೂ ಜಾಸ್ತಿ. ತುಂಬಬೇಕಾದ ಡಬ್ಬಿಯ, ಅಂದರೆ ವೈರಸ್‌ನ ಹೊರಕವಚದ, ಅಗಲ ಮಾತ್ರ ಸುಮಾರು 30! ಒಂದೇ ಪ್ರೋಟೀನಿನ 180 ತುಂಡು ಜೋಡಿಸಿದ ಡಬ್ಬಿ ಅದು. ಆ ಪ್ರೋಟೀನಿನ ಒಂದು ತುದಿಯಲ್ಲಿ ಧನ ವಿದ್ಯುತ್, ಆರ್‌ಎನ್‌ಎಯಲ್ಲಿ ಋಣ. ಎರಡೂ ಅಂಟಿಕೊಳ್ಳುತ್ತವೆ, ಎಳೆ ಮಡಚಿಕೊಳ್ಳುತ್ತದೆ. ಸುಮ್ನೆ ತುರುಕಿದ ಹಾಗಲ್ಲ. ಇದರ ನಂಟ ಪರಿಯಕೋಟೊ ವೈರಸ್‌ನ ರಚನೆ 2001ರಲ್ಲಿ ಹೊರಬಂದಾಗ, ಮೂರರಲ್ಲೊಂದು ಪಾಲು ಆರ್‌ಎನ್‌ಎ 12 ಮುಖದ ಪಂಜರದಂತೆ ಗೋಡೆಗೆ ಒತ್ತಿ ಕೂತಿದ್ದು ಕಂಡಿತು.

ಆದರೆ ಧನ-ಋಣದ ಸೆಳೆತ ಯಾವ ಆರ್‌ಎನ್‌ಎಗಾದರೂ ಒಂದೇ, ಅಲ್ವಾ? ಹೌದು, ಗಂಟು ಇರುವುದೇ ಅಲ್ಲಿ. ಕೀಟಕೋಶದಲ್ಲಿ ಬರೀ ಡಬ್ಬಿಯ ಪ್ರೋಟೀನ್ ಮಾಡಿಸಿದರೆ ಡಬ್ಬಿಗಳೇನೋ ಆಗುತ್ತವೆ, ಒಳಗೆ ತುಂಬಿರುವುದು ಕೋಶದ ಆರ್‌ಎನ್‌ಎ. ಅದೇ ಕೋಶದಲ್ಲಿ ವೈರಸ್‌ನ ಆರ್‌ಎನ್‌ಎ ನಕಲಾಗುತ್ತಿದ್ದರೂ ಸಾಲದು. ನಕಲಾಗುತ್ತಿರುವ ಆ ಎಳೆಯಿಂದಲೇ ಪ್ರೋಟೀನೂ ತಯಾರಾದಾಗ ಮಾತ್ರ ಸರಿಯಾದ ಸರಕು ಒಳಗೆ ಹೋಗುತ್ತದೆ.

ನಮ್ಮ ದಾಲ್ ಮಿಲ್ ನೋಡಿ. ಚೀಲ ಹಿಡಿದವನು ಬೇಳೆ ಹುಡುಕುತ್ತಾ ಊರು ಸುತ್ತುವುದಿಲ್ಲ, ಯಂತ್ರದ ಬಾಯಿಗೇ ನಿಂತಿರುತ್ತಾನೆ. ಈ ವೈರಸ್‌ನ ಆರ್‌ಎನ್‌ಎ ನಕಲಾಗುವ ಮಿಲ್ ಇರುವುದು ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಹೊರಪೊರೆಯಲ್ಲಿ. ಎಳೆಯ ಮೇಲೂ ಗುರುತುಗಳಿವೆ ನಿಜ, ಆದರೆ ನನ್ನ ಮಟ್ಟಿಗೆ ಜಾಗದ ಜಾಣತನವೇ ದೊಡ್ಡದು.

ಡಬ್ಬಿ ಮುಚ್ಚಿದ ಮೇಲೂ ಒಂದು ಕೆಲಸ ಬಾಕಿ. ಪ್ರೋಟೀನ್ ತನ್ನನ್ನು ತಾನೇ ಕತ್ತರಿಸಿಕೊಂಡು 44 ಅಮೈನೋ ಆಮ್ಲದ ತುಂಡೊಂದನ್ನು ಬಿಡಿಸುತ್ತದೆ. ಮುಂದಿನ ಕೋಶದ ಪೊರೆ ತೂತು ಮಾಡುವುದು ಆ ತುಂಡೇ.