ಕೋರಲ್‌ಡ್ರಾದ ಚಿತ್ರ ಇಂಕ್‌ಸ್ಕೇಪಿನಲ್ಲಿ ಏಕೆ ಬದಲಾಗುತ್ತದೆ?

ಮದುವೆಯ ಕರೆಯೋಲೆ, ಜಾತ್ರೆಯ ಫ್ಲೆಕ್ಸು, ಅಂಗಡಿಯ ಬೋರ್ಡು: ಕರ್ನಾಟಕದ ಡಿಟಿಪಿ ಕೇಂದ್ರಗಳಲ್ಲಿ ಇಂಥವು ಹೆಚ್ಚಾಗಿ ಕೋರಲ್‌ಡ್ರಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲೇ ತಯಾರಾಗುತ್ತವೆ. ಅದೇ ಫೈಲನ್ನು ಇಂಕ್‌ಸ್ಕೇಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ತೆರೆದರೆ ಅಂಚಿನ ಹೂಬಳ್ಳಿ ಸಾಮಾನ್ಯವಾಗಿ ಹಾಗೇ ಇರುತ್ತದೆ, ಅಕ್ಷರ ಮಾತ್ರ ಚೆಲ್ಲಾಪಿಲ್ಲಿಯಾಗಿರುತ್ತದೆ.

ಹೂಬಳ್ಳಿ ಉಳಿಯಲು ಕಾರಣ ಗಣಿತ. ಈ ತಂತ್ರಾಂಶಗಳಲ್ಲಿ ಮಾಡುವ ವೆಕ್ಟರ್ ಚಿತ್ರದಲ್ಲಿ ಬಣ್ಣದ ಚುಕ್ಕೆಗಳನ್ನಲ್ಲ, ಗೆರೆಯ ಲೆಕ್ಕವನ್ನು ಬರೆದಿಡುತ್ತಾರೆ. ಪ್ರತಿ ಬಾಗಿಗೂ ನಾಲ್ಕು ಬಿಂದು: ಎರಡು ತುದಿಗಳು, ಅವುಗಳನ್ನು ಎಳೆದು ಬಾಗಿಸುವ ಎರಡು ಹಿಡಿಕೆಗಳು. ಫ್ರಾನ್ಸಿನ ಸಿಟ್ರೊಯೆನ್ ಕಾರು ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೊ 1959ರಲ್ಲೇ ಇದನ್ನು ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೊದ ಪಿಯರ್ ಬೆಜಿಯೆ ಪ್ರಕಟಿಸಿದ್ದರಿಂದ ಹೆಸರು ಅವರದಾಯಿತು. ಮುದ್ರಣದ ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್, ಇಂಕ್‌ಸ್ಕೇಪ್ ಬಳಸುವ ಎಸ್‌ವಿಜಿ, ಚಿತ್ರ ಬರೆದಿಡುವ ಈ ಮೂರು ಬಗೆಗಳೂ ಇದೇ ಸೂತ್ರವನ್ನು ನೆಚ್ಚಿಕೊಂಡಿವೆ. ನಾಲ್ಕು ಬಿಂದು ಸರಿಯಾಗಿ ದಾಟಿದರೆ ಯಾವ ತಂತ್ರಾಂಶದಲ್ಲಾದರೂ ಅದೇ ಬಾಗು.

ಆದರೆ ಈ ಸೂತ್ರದಿಂದ ಪೂರ್ಣ ವೃತ್ತ ಬರುವುದಿಲ್ಲ. ನಾಲ್ಕು ತುಂಡು ಬಾಗುಗಳನ್ನು ಜೋಡಿಸಿ, ಹಿಡಿಕೆಯ ಉದ್ದವನ್ನು ತ್ರಿಜ್ಯದ ಸುಮಾರು 0.5523 ಪಟ್ಟು ಇಟ್ಟರೆ ತಪ್ಪು ಶೇ. 0.03ಕ್ಕೂ ಕಡಿಮೆ. ಕಣ್ಣಿಗೆ ಅದು ವೃತ್ತವೇ. ತಿದ್ದುವವರ ಕೈಗೆ ಅಲ್ಲ: ಎಸ್‌ವಿಜಿಯಲ್ಲಿ ವೃತ್ತಕ್ಕೆ ಕೇಂದ್ರ, ತ್ರಿಜ್ಯ ಇರುತ್ತವೆ, ಒಮ್ಮೆ ಬಾಗುಗಳಾಗಿ ಒಡೆದ ಮೇಲೆ ತ್ರಿಜ್ಯವೆಂಬ ಸಂಖ್ಯೆಯೇ ಅಲ್ಲಿರುವುದಿಲ್ಲ. ಫೈಲು ದಾಟುವಾಗ ಆಗುವ ದೊಡ್ಡ ನಷ್ಟ ಇದು. ರೂಪ ಬರುತ್ತದೆ, ಅದನ್ನು ಯಾವ ಉದ್ದೇಶದಿಂದ ಕಟ್ಟಿದ್ದರೋ ಅದು ಬರುವುದಿಲ್ಲ. ಎಸ್‌ವಿಜಿಯ ವಿವರಗಳನ್ನು ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2001ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಕೋರಲ್‌ಡ್ರಾದ ಸಿಡಿಆರ್ ಫೈಲಿನ ರಚನೆಯನ್ನು ಹೊರಗಿನವರು ಬಿಡಿಸಿ ನೋಡಿ ಅರ್ಥಮಾಡಿಕೊಳ್ಳಬೇಕಾಯಿತು.

ಅಳತೆಯೂ ಕೈಕೊಡುತ್ತದೆ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಅಡೋಬಿಯ ಇಲ್ಲಸ್ಟ್ರೇಟರ್ ಒಂದು ಇಂಚಿಗೆ 72 ಪಿಕ್ಸೆಲ್ ಎಣಿಸಿದರೆ ಇಂಕ್‌ಸ್ಕೇಪ್ 96 ಎಣಿಸುತ್ತದೆ. ಹಾಗಾಗಿ ಇಲ್ಲಸ್ಟ್ರೇಟರಿನ ಹತ್ತು ಸೆಂಟಿಮೀಟರಿನ ಲೋಗೊ ಇಂಕ್‌ಸ್ಕೇಪಿನಲ್ಲಿ ಎಷ್ಟೋ ಸಲ ಏಳೂವರೆಗೆ ಕುಗ್ಗಿರುತ್ತದೆ. ಬಣ್ಣದ ತೊಂದರೆ ಪ್ರೆಸ್ಸಿನಲ್ಲಿ ಗೊತ್ತಾಗುತ್ತದೆ. ಬರಿ ಕಪ್ಪು ಶಾಯಿಯಲ್ಲಿದ್ದ ಅಕ್ಷರ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕಕ್ಕೆ, ಅಂದರೆ ಆರ್‌ಜಿಬಿಗೆ, ಹೋಗಿ ಮರಳಿದರೆ ನಾಲ್ಕೂ ಶಾಯಿಯ ಮಿಶ್ರಣವಾಗಬಹುದು. ಪ್ಲೇಟು ಚೂರು ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದಾರೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವಧುವಿನ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡಿನಲ್ಲಿ ಈ ಕಾಟವಿಲ್ಲ, ಆದರೆ ‘ಸ್ತ್ರೀ’ ಎಂಬುದು ಅಲ್ಲಿ ಆರು ಸಂಕೇತಗಳ ಸಾಲು; ಅವನ್ನು ಒತ್ತಕ್ಷರವಾಗಿ ಕಟ್ಟುವ ಕೆಲಸ ತಂತ್ರಾಂಶದ್ದು. ಇಲ್ಲಸ್ಟ್ರೇಟರಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬೀಳಬಹುದು.

ಅದಕ್ಕೇ ಪ್ರೆಸ್ಸಿನವರು ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನೆಲ್ಲ ಕರ್ವ್ ಮಾಡಿಬಿಡುತ್ತಾರೆ, ಅಂದರೆ ಬರಿ ಗೆರೆಗಳ ಚಿತ್ರವಾಗಿಸುತ್ತಾರೆ. ಮುದ್ರಣಕ್ಕೆ ಅದು ಕ್ಷೇಮ. ಆದರೆ ಆಮೇಲೆ ಮುಹೂರ್ತದ ಸಮಯ ಬದಲಾದರೆ ತಿದ್ದಲು ಅಲ್ಲಿ ಅಕ್ಷರವೇ ಇರುವುದಿಲ್ಲ. ಕರ್ವ್ ಮಾಡದ ಪ್ರತಿಯೊಂದನ್ನು ಯುನಿಕೋಡಿನಲ್ಲಿ, ಫಾಂಟಿನ ಸಮೇತ ಎತ್ತಿಡದೆ ಯಾವ ಕೆಲಸವನ್ನೂ ಮುಗಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಿಡಿಎಫ್ ಇದೆಯಲ್ಲ ಎಂದು ನಂಬಿ ಕೂರುವಂತಿಲ್ಲ. ಅದರೊಳಗೆ ಸಾಮಾನ್ಯವಾಗಿ ಬಳಸಿದ ಅಕ್ಷರಗಳ ರೂಪವಷ್ಟೇ ಸೇರಿರುತ್ತದೆ. ಕರೆಯೋಲೆಯಲ್ಲಿ ಎಲ್ಲೂ ‘ಳ’ ಇರದಿದ್ದರೆ, ಆ ಪಿಡಿಎಫ್‌ನ ಫಾಂಟಿನಿಂದ ‘ಳ’ ಸಿಗುವುದಿಲ್ಲ.